ಎಲ್ಲರೂ ಕಣ್ಣು ಮುಚ್ಚಿದಾಗ ನಾನೊಬ್ಬ ಕಣ್ಣು ತೆರೆದಿರುತ್ತೇನೆ: ಆರಾಧನೆಗೆ ವಾದ್ಯ ನುಡಿಸುವವರಲ್ಲಿ ಒಂದು ಪ್ರಶ್ನೆ

ರಿಪ್ಪನ್‌ಪೇಟೆಯ ವಾದಕ

ಎಲ್ಲರಿಗೂ ವಂದನೆಗಳು. ಮೋಟಾರು ವೈಂಡಿಂಗ್ ನನ್ನ ಕಸುಬು. ಬೇಸಿಗೆಯಲ್ಲಿ ತೋಟಗಳ ಪಂಪ್‌ಸೆಟ್‌ಗಳು ಸುಟ್ಟುಕೊಂಡು ಅಂಗಡಿಗೆ ಬರುತ್ತವೆ, ಮಳೆಗಾಲದಲ್ಲಿ ಕೈ ತುಸು ಖಾಲಿ. 18 ವರ್ಷಗಳಿಂದ ನಮ್ಮ ಚರ್ಚಿನ ಸಭೆಯ ಭಾನುವಾರದ ಆರಾಧನೆಗೆ ನಾನೇ ವಾದ್ಯ ನುಡಿಸುತ್ತಿದ್ದೇನೆ. ಮೊದಲು ಅಪ್ಪನ ಹಾರ್ಮೋನಿಯಂ ಇತ್ತು. ಆಮೇಲೆ ಸಭೆಯವರು ಹಣ ಕೂಡಿಸಿ ಕೀಬೋರ್ಡ್ ತಂದರು. ದೊಡ್ಡ ಸಭೆಯೇನಲ್ಲ, 40 ಮನೆಗಳಿರಬಹುದು.

ಕಳೆದ ಭಾನುವಾರ ಆರಾಧನೆ ಮುಗಿಸಿ ಮನೆಗೆ ಬರುತ್ತಿದ್ದೆವು. ಜೋರು ಮಳೆ. 11 ವರ್ಷದ ಮಗಳು ಬೈಕಿನ ಹಿಂದೆ ನನ್ನ ರೈನ್‌ಕೋಟಿನ ಒಳಗೇ ತಲೆ ಹುದುಗಿಸಿ ಕುಳಿತಿದ್ದಳು. ಅಲ್ಲಿಂದಲೇ ಕೇಳಿದಳು: "ಅಪ್ಪ, ಅಯ್ಯನವರು ಪ್ರಾರ್ಥನೆ ಮಾಡುವಾಗ ನೀನು ಯಾಕೆ ಕಣ್ಣು ಮುಚ್ಚುವುದಿಲ್ಲ?"

"ನೀನು ನೋಡಿದ್ದೀಯ ಎಂದರೆ ನೀನೂ ಮುಚ್ಚಿರಲಿಲ್ಲವಲ್ಲ" ಎಂದೆ.

"ನಾನು ಒಂದೇ ಸಲ ನೋಡಿದ್ದು. ನೀನು ಪ್ರತಿ ವಾರವೂ ತೆರೆದೇ ಇರುತ್ತೀಯಂತೆ, ಅಮ್ಮ ಹೇಳಿದಳು. ಹಾಗಾದರೆ ನೀನು ಪ್ರಾರ್ಥನೆ ಮಾಡುವುದು ಯಾವಾಗ?"

ಉತ್ತರ ಬರಲಿಲ್ಲ. ಮಳೆಯ ಸದ್ದಿಗೆ ಕೇಳಿಸಲಿಲ್ಲ ಎಂಬಂತೆ ಗಾಡಿ ಓಡಿಸಿದೆ. ಈ ವಾರವಿಡೀ ಆ ಮಾತು ನನ್ನನ್ನು ಬಿಟ್ಟಿಲ್ಲ.

ನನ್ನ ಕೆಲಸ ಹೇಗಿರುತ್ತದೆ ಎಂದು ನುಡಿಸುವವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಅಯ್ಯನವರ (ನಮ್ಮ ಸಭಾಪಾಲಕರ) ಪ್ರಾರ್ಥನೆಯ ಕೆಳಗೆ ಮೆತ್ತಗೆ ಸ್ವರ ಹಿಡಿದಿರಬೇಕು. ಅವರ ಬಲಗೈ ವೇದಿಕೆಯ ಅಂಚಿನಿಂದ ಮೇಲೆದ್ದಿತು ಎಂದರೆ ಪ್ರಾರ್ಥನೆ ಮುಗಿಯುವ ಹೊತ್ತು. ಅಷ್ಟರಲ್ಲಿ ನಾನು ಸ್ವರ ಇಳಿಸಿರಬೇಕು, ಆಮೆನ್ ಎಂದ ಮರುಕ್ಷಣ ಮುಂದಿನ ಹಾಡಿನ ಶ್ರುತಿ ಕೊಡಬೇಕು. ಕಣ್ಣು ಮುಚ್ಚಿದರೆ ಆ ಕೈ ಕಾಣುವುದಿಲ್ಲ.

ಹಾಡುವಾಗಲೂ ಅಷ್ಟೇ. ನಮ್ಮ ಆಂಪ್ಲಿಫೈಯರ್‌ನಲ್ಲಿ ಗುಂಯ್ ಎಂಬ ಸದ್ದೊಂದಿದೆ. ಅರ್ಥಿಂಗ್ ಎಷ್ಟು ಸರಿಪಡಿಸಿದರೂ ಪೂರ್ತಿ ಹೋಗಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್, ಈ ಸದ್ದು ಅದರ ಎರಡರಷ್ಟು, 100. ಕೆಳಗಿನ ಸಪ್ತಕದ ಜಿ ಸ್ವರ 98ಕ್ಕೆ ಬರುತ್ತದೆ. ನಾನು ಆ ಸ್ವರವನ್ನು ಹಿಡಿದರೆ ಎರಡೂ ಒಂದನ್ನೊಂದು ಉಜ್ಜಿ, ಸೆಕೆಂಡಿಗೆ ಎರಡು ಸಲ ವಾಂವ್ ವಾಂವ್ ಎಂದು ಅಲೆಯುತ್ತವೆ. ಬೇರೆ ಯಾರಿಗೂ ಅದು ಕೇಳಿಸದು. ದಿನವೂ ಮೋಟಾರಿನ ಸದ್ದಿನ ಮೇಲೆಯೇ ಅದರ ರೋಗ ಹಿಡಿಯುವವನು ನಾನು, ನನಗೆ ಕೇಳಿಸುತ್ತದೆ. ಜನ ದೇವರನ್ನು ಹಾಡಿ ಹೊಗಳುವಾಗ ನಾನು ಆ ಅಲೆಯನ್ನು ಎಣಿಸುತ್ತಿರುತ್ತೇನೆ.

ಅಪ್ಪ ಕಣ್ಣು ಮುಚ್ಚಿಯೇ ನುಡಿಸುತ್ತಿದ್ದರು. ತಿದಿ ಒತ್ತಿ ಒತ್ತಿ ಅವರ ಎಡಗೈ ಹೆಬ್ಬೆರಳಿನ ಬುಡ ಜಡ್ಡುಗಟ್ಟಿತ್ತು. ಪ್ರಾರ್ಥನೆ ಎಂದಾಗ ನನಗೆ ಇವತ್ತಿಗೂ ನೆನಪಾಗುವುದು ಆ ಕೈ. ನನ್ನ ಮಗಳಿಗೆ ಮುಂದೆ ಏನು ನೆನಪಾಗುತ್ತದೆ? ಭಾನುವಾರ ಬೆಳಗ್ಗೆ ಕೇಬಲ್ ಸುತ್ತುತ್ತಾ "ಬೇಗ ಹೊರಡಿ, ಬೇಗ ಹೊರಡಿ" ಎಂದು ಅವಸರಿಸುವ ಅಪ್ಪನೇ? ಸಂಜೆಯ ಕುಟುಂಬ ಪ್ರಾರ್ಥನೆಯನ್ನು ನಡೆಸುವುದು ನನ್ನ ಹೆಂಡತಿ. ಆ ಹೊತ್ತಿಗೆ ನಾನು ಎಷ್ಟೋ ದಿನ ಅಂಗಡಿಯಲ್ಲೇ ಇರುತ್ತೇನೆ.

ನುಡಿಸುವವರು ದಯವಿಟ್ಟು ಹೇಳಿ. ಬೆರಳು ಕೆಲಸ ಮಾಡುವಾಗ ನಿಮ್ಮ ಮನಸ್ಸು ಪ್ರಾರ್ಥಿಸುತ್ತದೆಯೇ? ಮಗಳಿಗೆ ನಾನು ಏನು ಹೇಳಲಿ?

ಜೊತೆಗೆ ಇನ್ನೊಂದು. ಅವಳಿಗೆ ಕೀಬೋರ್ಡ್ ಬೇಡವಂತೆ, ಅಜ್ಜನ ಹಾರ್ಮೋನಿಯಂ ಕಲಿಯಬೇಕಂತೆ. ಅದರಲ್ಲಿ ಮಧ್ಯ ಸಪ್ತಕದ ಒಂದು ಸ್ವರ ಮೂಕಾಗಿದೆ. ಈ ಮಳೆಗೆ ಅದರ ಮನೆಗಳು (ಬೆರಳಿನಿಂದ ಒತ್ತುವ ಪಟ್ಟಿಗಳು) ಉಬ್ಬಿ, ಒತ್ತಿದ್ದು ಮೇಲೇಳುವುದಿಲ್ಲ. ಹತ್ತಿರದಲ್ಲಿ ರಿಪೇರಿ ತಿಳಿದವರು ಇದ್ದಾರೆಯೇ?

ಭದ್ರಾವತಿಯ ಹಿರಿಯ

ಸಹೋದರ, ನನಗೀಗ 71. ನಮ್ಮ ತಂದೆ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಭದ್ರಾವತಿಗೆ ಬಂದವರು. 1923ರಲ್ಲಿ ಆರಂಭವಾದ ಆ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಮ್ಮ ಕೇರಿಯಲ್ಲಿ ಒಂದು ಮನೆಯಲ್ಲಿ ಕನ್ನಡದ ಹಾಡು, ಪಕ್ಕದ ಮನೆಯಲ್ಲಿ ಅದೇ ರಾಗಕ್ಕೆ ತಮಿಳಿನ ಹಾಡು. ಎರಡಕ್ಕೂ ನುಡಿಸಿದ ಕೈ ಇದು, ಈಗ ನಡುಗುತ್ತದೆ.

ನಿಮ್ಮ ಪ್ರಶ್ನೆ ಓದಿದಾಗ ನನಗೆ ಬೈಬಲಿನ ಎರಡನೆಯ ಅರಸುಗಳ ಪುಸ್ತಕದ ಮೂರನೆಯ ಅಧ್ಯಾಯ ನೆನಪಾಯಿತು. ಮೂವರು ಅರಸರು ನೀರಿಲ್ಲದ ಕಡೆ ಸೈನ್ಯದೊಂದಿಗೆ ಸಿಕ್ಕಿಬಿದ್ದು ಪ್ರವಾದಿ ಎಲೀಷನ ಬಳಿಗೆ ಬರುತ್ತಾರೆ. ಎಲೀಷನು ಕೂಡಲೇ ಪ್ರವಾದನೆ ಹೇಳುವುದಿಲ್ಲ. ವಾದ್ಯ ನುಡಿಸುವವನೊಬ್ಬನನ್ನು ಕರೆದು ತನ್ನಿ ಎನ್ನುತ್ತಾನೆ. ಅವನು ನುಡಿಸಿದಾಗಲೇ ದೇವರ ಹಸ್ತ ಎಲೀಷನ ಮೇಲೆ ಬರುತ್ತದೆ. ಆ ವಾದಕನ ಹೆಸರನ್ನು ಅಲ್ಲಿ ಬರೆದಿಲ್ಲ. ಅವನು ಕಣ್ಣು ಮುಚ್ಚಿದ್ದನೋ ತೆರೆದಿದ್ದನೋ, ಅದನ್ನೂ ಬರೆದಿಲ್ಲ. ಆದರೆ ಅವನು ನುಡಿಸದಿದ್ದರೆ ಆ ದಿನದ ಮಾತು ಹೊರಡುತ್ತಿರಲಿಲ್ಲ. ಇನ್ನೊಬ್ಬರು ಪ್ರಾರ್ಥಿಸಲೆಂದು ನೀವು ಕಣ್ಣು ತೆರೆದು ಕಾಯುತ್ತೀರಿ. ಅದು ದೇವರ ಲೆಕ್ಕದಲ್ಲಿ ಪ್ರಾರ್ಥನೆಯಲ್ಲ ಎಂದು ನಾನು ಒಪ್ಪುವುದಿಲ್ಲ.

ಮಗಳಿಗೆ ಒಂದನೆಯ ಪೂರ್ವಕಾಲವೃತ್ತಾಂತದ 25ನೆಯ ಅಧ್ಯಾಯವನ್ನು ಓದಿಸಿ. ದಾವೀದನು ಗಾಯಕರನ್ನು ನೇಮಿಸಿದ ಪಟ್ಟಿ ಅದು, ಒಟ್ಟು 288 ಮಂದಿ. ಅದರಲ್ಲಿ ಹೇಮಾನನಿಗೆ 14 ಗಂಡು ಮಕ್ಕಳು, ಮೂವರು ಹೆಣ್ಣು ಮಕ್ಕಳು. ಇವರೆಲ್ಲ ತಂದೆಯ ಕೈಕೆಳಗೆ ದೇವಾಲಯದಲ್ಲಿ ಹಾಡುತ್ತಿದ್ದರು ಎಂದಿದೆ. ಹೆಸರಿನ ಪಟ್ಟಿ ಎಂದು ಓದುವವರು ದಾಟಿಹೋಗುತ್ತಾರೆ, ನನಗೆ ಮಾತ್ರ ಬಹಳ ಪ್ರಿಯವಾದ ಅಧ್ಯಾಯ. ಅವಳಿಗೆ ಹಾರ್ಮೋನಿಯಂ ಕಲಿಸಿ, ತಡಮಾಡಬೇಡಿ.

ಆನಂದಪುರ ಭಜನೆಮನೆ

ನಾನು ಕ್ರೈಸ್ತನಲ್ಲ. ನಮ್ಮೂರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ, ಸುತ್ತಲಿನ ಊರುಗಳ ಪೆಟ್ಟಿಗೆಗಳನ್ನು ಬಿಚ್ಚಿ ಸರಿಮಾಡುತ್ತೇನೆ. ದೊಡ್ಡ ಪ್ರಶ್ನೆಗೆ ನಿಮ್ಮ ಹಿರಿಯರು ಉತ್ತರಿಸಲಿ, ಎರಡನೆಯದಕ್ಕೆ ನಾನು ಹೇಳುತ್ತೇನೆ.

ಮೂಕಾದ ಸ್ವರ ಸತ್ತಿದೆ ಎಂದು ತಿಳಿಯಬೇಡಿ. ಹತ್ತರಲ್ಲಿ ಎಂಟು ಸಲ ರೀಡಿನ (ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಯ) ನಾಲಗೆಗೂ ಚೌಕಟ್ಟಿಗೂ ನಡುವೆ ಕಸ ಕುಳಿತಿರುತ್ತದೆ. ಮಲೆನಾಡಿನ ತೇವಕ್ಕೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟುತ್ತದೆ, ಕೆಲವೊಮ್ಮೆ ಸಣ್ಣ ಹುಳವೇ ಸಿಕ್ಕಿಕೊಂಡಿರುತ್ತದೆ. ತೆಳು ಕಾಗದವನ್ನು ನಾಲಗೆಯ ಅಡಿಗೆ ತೂರಿಸಿ ನಿಧಾನವಾಗಿ ಎಳೆದರೆ ಸಾಕು. ಆದರೆ ನಾಲಗೆಯನ್ನು ಕೆರೆಯಬೇಡಿ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಕೆರೆದ ಲೋಹ ಮತ್ತೆ ಬರುವುದಿಲ್ಲ. ಹಾಗೆ ಹಾಳುಮಾಡಿ ತಂದ ಪೆಟ್ಟಿಗೆಗಳನ್ನು ನೋಡಿ ನನಗೆ ಸಂಕಟವಾಗಿದೆ.

ಉಬ್ಬಿದ ಮನೆಗಳಿಗೆ ಅವಸರದಿಂದ ಉಪ್ಪುಕಾಗದ ಹಾಕಬೇಡಿ. ಈಗ ಉಜ್ಜಿ ಸಡಿಲ ಮಾಡಿದರೆ ಮಾಗಿಯಲ್ಲಿ ಮರ ಒಣಗಿ ಲಟಲಟ ಎನ್ನುತ್ತದೆ. ನಮ್ಮ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆ ಇರುವುದು ಅಡುಗೆಮನೆಯ ಒಲೆಗೆ ತಾಗಿದ ಗೋಡೆಯ ಆಚೆಬದಿಯಲ್ಲಿ. ಹೊಗೆ ತಾಗುವುದಿಲ್ಲ, ಬಿಸಿ ತಾಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧಿ ದಿನವೂ ನುಡಿಸುವುದು. ತಿದಿಯಲ್ಲಿ ಗಾಳಿಯಾಡಿದರೆ ಬೂಸು ಹತ್ತುವುದಿಲ್ಲ.

1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಬರುವುದಿಲ್ಲ, ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಎಂದು ದೊಡ್ಡವರು ತಳ್ಳಿದ ವಾದ್ಯವದು. ಆ 31 ವರ್ಷ ಅದನ್ನು ಕೈಬಿಡದವರಲ್ಲಿ ನಮ್ಮ ಭಜನೆಯವರೂ ನಿಮ್ಮ ಚರ್ಚಿನವರೂ ಇದ್ದಾರೆ. ಹಾಗಾಗಿ ಮಗಳನ್ನು ಕರೆದುಕೊಂಡು ಬನ್ನಿ. ಪೆಟ್ಟಿಗೆ ಬಿಚ್ಚುವುದನ್ನು ಅವಳು ನೋಡಲಿ.

ಶಿವಮೊಗ್ಗದ ತಾಯಿ

ನಾನು ವಾದ್ಯ ನುಡಿಸುವವಳಲ್ಲ, ನುಡಿಸುವವರ ಹೆಂಡತಿ. ನಾವು ಕಥೋಲಿಕರು. 12 ವರ್ಷಗಳಿಂದ ನನ್ನ ಗಂಡ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಗಾಯನವೃಂದದ ಜೊತೆ ಇರುತ್ತಾರೆ, ನಾನು ಇಬ್ಬರು ಮಕ್ಕಳೊಂದಿಗೆ ಬೆಂಚಿನಲ್ಲಿ. ಸಣ್ಣವನು ಅತ್ತರೆ ಎತ್ತಿಕೊಂಡು ಹೊರಗೆ ಹೋಗುವವಳು ನಾನೇ.

ಅಣ್ಣ, ನಿಮಗೆ ನೋವಾಗಬಹುದು, ಆದರೂ ಹೇಳುತ್ತೇನೆ. ನಿಮ್ಮ ಮಗಳು ಕೇಳಿದ್ದು ಕಣ್ಣಿನ ವಿಷಯ ಎಂದು ನನಗೆ ಅನಿಸುವುದಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಅಪ್ಪಂದಿರೂ ಮಕ್ಕಳ ಪಕ್ಕದಲ್ಲಿ ಇರುತ್ತಾರೆ, ಅವಳ ಅಪ್ಪ ಮಾತ್ರ ಎದುರಿಗೆ, ದೂರದಲ್ಲಿ. ನನ್ನ ದೊಡ್ಡ ಮಗ ಒಮ್ಮೆ ನೇರವಾಗಿಯೇ ಕೇಳಿದ್ದ: "ಪಪ್ಪ ನಮ್ಮ ಜೊತೆ ಯಾವಾಗ ಚರ್ಚಿಗೆ ಬರುತ್ತಾರೆ?" ಒಂದೇ ಗಾಡಿಯಲ್ಲಿ ಹೋಗಿ ಒಂದೇ ಗಾಡಿಯಲ್ಲಿ ಬರುವ ನಮಗೆ ಆ ಪ್ರಶ್ನೆ!

ನಮ್ಮಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ದಿನಗಳಲ್ಲಿ ಸಾಮಾನ್ಯವಾಗಿ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು, ತಾನೊಂದೇ ನುಡಿಯಬಾರದು ಎಂಬ ನಿಯಮವಿದೆ. ಆ ವಾರಗಳಲ್ಲಿ ಒಂದೆರಡು ಪೂಜೆಗೆ ಇವರು ವಾದ್ಯವನ್ನೇ ಬಿಟ್ಟು ಬೆಂಚಿಗೆ ಬಂದು ಕುಳಿತರು. ಜನ ಬರಿಗಂಟಲಿನಲ್ಲೇ ಹಾಡಿದರು, ಸ್ವಲ್ಪ ಜಾರಿತು, ಹಾಡು ನಿಲ್ಲಲಿಲ್ಲ. ಸಣ್ಣವನು ಅವರ ತೊಡೆಯ ಮೇಲೆ ನಿದ್ದೆಹೋದ. ಅಂದಿನಿಂದ ತಿಂಗಳಿಗೊಂದು ಭಾನುವಾರ ಅವರು ನಮ್ಮ ಪಕ್ಕ ಇರುತ್ತಾರೆ. ನೀವೂ ಅಯ್ಯನವರನ್ನು ಕೇಳಿ ನೋಡಿ.

ಸಾಗರದ ಕನ್ನಡ ಮೇಷ್ಟ್ರು

ಒಂದೇ ಮಾತು. 1834ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂರಿಸಿದ ಹಾಡುಗಳು ನಮ್ಮ ಸಭೆಗಳಿಗೆ ಬಂದವು. ಅಂಥ ಹಾಡಿನಲ್ಲಿ ಹ್ರಸ್ವ ಬರಬೇಕಾದಲ್ಲಿ ರಾಗ ಎಳೆಯುತ್ತದೆ, ದೀರ್ಘ ಬರಬೇಕಾದಲ್ಲಿ ಓಡುತ್ತದೆ. ನಿಘಂಟಿನ ಕಿಟೆಲ್ ಅವರು ಕನ್ನಡ ಛಂದಸ್ಸನ್ನು ಕಲಿತು ಕ್ರಿಸ್ತನ ಕಥೆಯನ್ನು ದೇಶೀ ಮಟ್ಟಿನಲ್ಲೇ ಬರೆದರು. ನಮ್ಮ ನಾಲಗೆಗೆ ಯಾವುದು ಒಗ್ಗುತ್ತದೆ ಎಂದು ಅವರಿಗೆ ತಿಳಿದಿತ್ತು.

ಹಾಗಾಗಿ ನಾನು ನುಡಿಸುವಾಗ ಕಣ್ಣು ಹಾಡಿನ ಮಾತುಗಳ ಮೇಲಿರುತ್ತದೆ, ಸ್ವರಗಳ ಮೇಲಲ್ಲ. ಪ್ರತಿ ಪದವನ್ನೂ ಬಾಯಿ ಬಿಡದೆ ಉಚ್ಚರಿಸುತ್ತೇನೆ. "ಕರುಣೆ" ಎಂಬಲ್ಲಿ ಜನರಿಗೆ ಉಸಿರು ಸಾಲಬೇಕು ಎಂದು ಕಾಯುವಾಗ ಆ ಪದ ನನ್ನೊಳಗೂ ಇಳಿಯುತ್ತದೆ. ನನ್ನ ಪ್ರಾರ್ಥನೆ ಅಷ್ಟೇ. ಆಂಪ್ಲಿಫೈಯರ್‌ನ ಅಲೆ ಎಣಿಸುವ ಕಿವಿಗೆ ಈ ಕೆಲಸ ಕೊಟ್ಟು ನೋಡಿ.

ರಿಪ್ಪನ್‌ಪೇಟೆಯ ವಾದಕ

ಎಲ್ಲರಿಗೂ ಕೃತಜ್ಞತೆಗಳು. ಶಿವಮೊಗ್ಗದ ಸಹೋದರಿ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಹೇಳಲಿಲ್ಲ, ಒಳಗೆ ಹೋಗಿ ಚಹಾ ಮಾಡಿ ತಂದು ಪಕ್ಕದಲ್ಲಿ ಕುಳಿತಳು. ಅವಳೂ 18 ವರ್ಷ ಬೆಂಚಿನಲ್ಲಿ ಒಬ್ಬಳೇ ಕುಳಿತವಳು.

ನಿನ್ನೆ ಆದದ್ದನ್ನು ಹೇಳಿಬಿಡುತ್ತೇನೆ. ಸಂಜೆ ಆರಕ್ಕೇ ಅಂಗಡಿ ಮುಚ್ಚಿ ಬಂದೆ. ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗಿತ್ತು. ಅಜ್ಜನ ಪೆಟ್ಟಿಗೆಯನ್ನು ಚಾಪೆಯ ಮೇಲಿಟ್ಟು ಮಗಳನ್ನು ನನ್ನ ಎದುರಿಗೆ ಕೂರಿಸಿದೆ. ತಿದಿ ಇರುವುದು ಆ ಬದಿಯಲ್ಲಿ, ಒತ್ತುವ ಕೆಲಸ ಅವಳಿಗೆ. ಮೊದಲು ಜೋರಾಗಿ ಒತ್ತಿದಳು, ಸ್ವರ ಕಿರುಚಿತು. "ಉಸಿರಾಡುವಷ್ಟೇ ಒತ್ತು" ಎಂದೆ. ಮೂರನೆಯ ಸಾಲಿಗೆ ಅವಳಿಗೆ ಹದ ಸಿಕ್ಕಿತು. ಕರೆಂಟು ಇಲ್ಲವಾದ್ದರಿಂದ ಎಲ್ಲಿಯೂ ಗುಂಯ್ ಎಂಬ ಸದ್ದಿರಲಿಲ್ಲ. ಹಂಚಿನ ಮೇಲೆ ಮಳೆ, ಹೆಂಡತಿಯ ದನಿ, ಅಷ್ಟೇ. ಮೂಕಾದ ಸ್ವರ ಬಂದಲ್ಲೆಲ್ಲ ಹಾಡಿನಲ್ಲಿ ಒಂದು ತೂತು ಬೀಳುತ್ತಿತ್ತು, ಅದನ್ನು ಮೂವರೂ ಬಾಯಿಯಲ್ಲಿ ತುಂಬಿಸಿದೆವು.

ಹಾಡು ಮುಗಿದ ಮೇಲೆ ನಾನು ಪ್ರಾರ್ಥನೆ ಮಾಡಿದೆ. ಬೆರಳು ಮನೆಗಳ ಮೇಲೆಯೇ ಇತ್ತು. ಅವಳು ತಿದಿ ನಿಲ್ಲಿಸಲಿಲ್ಲ, ಹಾಗಾಗಿ ಸ್ವರ ಕೊನೆಯವರೆಗೂ ನಿಂತಿತು. ಆಮೆನ್ ಎಂದು ಕಣ್ಣು ತೆರೆದರೆ ಎರಡಡಿ ದೂರದಲ್ಲಿ ಅವಳ ಮುಖ. "ನಾನು ಪೂರ್ತಿ ನೋಡಿದೆ ಅಪ್ಪ. ನೀನು ಒಂದು ಸಲವೂ ತೆರೆಯಲಿಲ್ಲ" ಎಂದಳು.

ಅಯ್ಯನವರೊಂದಿಗೂ ಮಾತಾಡಿದೆ. ತಿಂಗಳ ಕೊನೆಯ ಭಾನುವಾರ ವಾದ್ಯವಿಲ್ಲದೆ ಹಾಡೋಣ ಎಂದರು.

ಆನಂದಪುರದ ಅಣ್ಣ, ಶನಿವಾರ ಮಧ್ಯಾಹ್ನ ನಾನೂ ಮಗಳೂ ಬರುತ್ತೇವೆ. ಬಸ್ಸಿನಲ್ಲಿ ಬರುವುದು. ಇಡೀ ಪೆಟ್ಟಿಗೆಯನ್ನೇ ತರಬೇಕೇ, ರೀಡ್ ಇರುವ ಹಲಗೆಯನ್ನು ಮಾತ್ರ ಬಿಚ್ಚಿ ತಂದರೆ ಸಾಕೇ? ಅಂಗಡಿ ಎಲ್ಲಿ ಎಂದೂ ತಿಳಿಸಿ.

ಆನಂದಪುರ ಭಜನೆಮನೆ

ಇಡೀ ಪೆಟ್ಟಿಗೆಯನ್ನೇ ತನ್ನಿ, ನೀವೇ ಬಿಚ್ಚಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ, ಒಳಗೇ ಬೆವರುತ್ತದೆ. ಹಳೆಯ ಕಂಬಳಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ. ಬಸ್ ಇಳಿದು ಯಾರನ್ನಾದರೂ ಹಾರ್ಮೋನಿಯಂ ರಿಪೇರಿ ಮನೆ ಎಲ್ಲಿ ಎಂದು ಕೇಳಿದರೆ ತೋರಿಸುತ್ತಾರೆ. ಊಟ ನಮ್ಮಲ್ಲೇ.