ಓರೆಕೋರೆ ತೊಲೆಗಳ ನಡುವೆ ಜಿಪ್ಸಂ ಬೋರ್ಡ್ ಕೂರಿಸುವುದು ಹೇಗೆ?

ಪ್ರಶ್ನೆ: ಹಳೇ ಮನೆ. ತೊಲೆಗಳು ಕಾಣುವಂತೆಯೇ ಉಳಿಸಿ ನಡುವೆ 12.5 ಮಿ.ಮೀ. ಬೋರ್ಡ್ ಹಾಕಬೇಕು. ಅಂತರ ಒಂದು ತುದಿಯಲ್ಲಿ 520 ಮಿ.ಮೀ., ಇನ್ನೊಂದರಲ್ಲಿ 545. ಬೋರ್ಡನ್ನು ತೊಲೆಗೆ ಒತ್ತಿ ಬಿಗಿಯಾಗಿ ಕೂರಿಸಬಹುದೇ?

ಉತ್ತರ 1: ಬಿಗಿ ಮಾತ್ರ ಬೇಡ. ಮರ ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ; ಬೋರ್ಡಿನ ಅಂಚು ಪುಡಿಯಾಗುತ್ತದೆ. ಎರಡೂ ಬದಿ 4-5 ಮಿ.ಮೀ. ಸಂದು ಬಿಡಿ. ಲೇಸರ್ ಲೆವೆಲ್‌ ಇಟ್ಟು ತೊಲೆಯ ಪಕ್ಕಕ್ಕೆ ಗೆರೆ ಎಳೆದು, ಆ ಗೆರೆಗೆ ರೀಪಿನ (ಬೋರ್ಡ್ ಕೂರಿಸುವ ಮರದ ಪಟ್ಟಿ) ಕೆಳಅಂಚು ಬರುವಂತೆ ಸ್ಕ್ರೂ ಹಾಕಿ. ಪಕ್ಕ ಡೊಂಕಿದ್ದ ಕಡೆ ಹಿಂದೆ ಪ್ಲೈವುಡ್ ಚೂರು ಕೊಡಿ. ಅಡ್ಡ ರೀಪು 400 ಮಿ.ಮೀ.ಗೊಂದು.

ಉತ್ತರ 2: ಒಂದು ಎಚ್ಚರಿಕೆ. ತೊಲೆಗಳೇ ಒಂದು ಕಡೆಗೆ ವಾಲಿದ್ದರೆ, ಪಕ್ಕಾ ಮಟ್ಟದ ಬೋರ್ಡ್ ಆ ವಾಲನ್ನು ಎತ್ತಿ ತೋರಿಸುತ್ತದೆ. ವಾಲಿನ ಅರ್ಧದಷ್ಟನ್ನು ಬೋರ್ಡಿಗೂ ಕೊಡಿ, ಕಣ್ಣಿಗೆ ಹಿತವಾಗಿರುತ್ತದೆ.

ಉತ್ತರ 3: ಬರೀ ಎರಡು ತುದಿ ಅಳೆದರೆ ನಡುವಿನ ಹೊಟ್ಟೆ ತಪ್ಪಿಹೋಗುತ್ತದೆ. 300 ಮಿ.ಮೀ.ಗೊಮ್ಮೆ ಅಳೆಯಿರಿ, ಇಲ್ಲವೇ ರಟ್ಟಿನ ಅಚ್ಚು ಮಾಡಿಕೊಳ್ಳಿ. ಸ್ಕ್ರೂ 150 ಮಿ.ಮೀ.ಗೊಂದು, ಅಂಚಿನಿಂದ 12 ಮಿ.ಮೀ. ಒಳಗೆ, ಬೋರ್ಡಿನ ಮೇಲಿನ ಕಾಗದ ಹರಿಯಬಾರದು. ಸಂದಿಗೆ ಪುಟ್ಟಿ ತುಂಬಿದರೆ ಬಿರುಕು ಖಂಡಿತ, ಅಕ್ರಿಲಿಕ್ ಸೀಲೆಂಟ್ ಬಳಸಿ.