ವೆಲ್ಡಿಂಗ್ ಪರದೆ: ಕೆಂಪೋ, ಹಸಿರೋ, ಪತ್ರಾನೇ ಸಾಕೋ?

ಕಪನೂರ_ಶೆಡ್ (ಕಲಬುರಗಿ):
ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ 30×40 ಫೂಟಿನ ಶೆಡ್ಡು. ಎರಡು ಮಿಗ್ ಮಶೀನು (ಗ್ಯಾಸ್ ಬಿಟ್ಟು ತಂತಿಲೆ ವೆಲ್ಡ್ ಮಾಡೋದು), ಒಂದು ಆರ್ಕು (ವೆಲ್ಡಿಂಗ್ ಕಡ್ಡೀದು), ಮೂಲ್ಯಾಗ ಗ್ರೈಂಡಿಂಗ್. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರಾಲಿ ಕೆಲಸ. ಶಟರ್ ರಸ್ತೆ ಕಡೆ ಅದ, ಹೋಗೋ ಬರೋ ಮಂದಿ ಕಣ್ಣಿಗೆ ಬೆಳಕು ಹೊಡೀತದ. ಸದ್ಯಕ್ಕ ನೀಲಿ ತಾಡಪತ್ರಿ ಕಟ್ಟೀವಿ. ಹಿಂದಿನ ಗೋಡಿಗೆ ಹತ್ತಿಸಿ 10×10 ಫೂಟಿನ ಎರಡು ಬೇ (ವೆಲ್ಡಿಂಗ್ ಖೋಲಿ) ಮಾಡ್ಬೇಕಂತ ಅದ. ಅಂಗಡ್ಯಾಗ ಆಚೆ ಕಾಣೋ ಪಿವಿಸಿ ವೆಲ್ಡಿಂಗ್ ಪರದಿ ಕೆಂಪು, ಕಡು ಹಸಿರು ಎರಡೂ ತೋರಸ್ತಾರ, ಹಾಳಿ ಬ್ಯಾರೆ, ಪಟ್ಟಿ ಬ್ಯಾರೆ. ಯಾವ್ದು, ಎಷ್ಟು ತಗೋಬೇಕು? ಬ್ಯಾಸಗ್ಯಾಗ ಕೂಲರ್ ಬಂದ್ ಮಾಡ್ಲಿಕ್ಕ ಆಗಂಗಿಲ್ರಿ, ಅದನ್ನೂ ಲೆಕ್ಕಕ್ಕ ಹಿಡದು ಹೇಳ್ರಿ.

ಸೇಫ್ಟಿ_ಬೀದರ್:
ಮೊದಲು ಆ ತಾಡಪತ್ರಿ ಬಿಚ್ಚಿಸಿ. ಅದು ಪಾಲಿಥೀನ್, ಕಿಡಿ ಹತ್ತಿದರೆ ಉರಿಯುವ ಹನಿಯಾಗಿ ಕೆಳಗೆ ಸುರಿಯುತ್ತದೆ.

ಬಣ್ಣಕ್ಕಿಂತ ಮುಂಚೆ ಹಾಳೆಯ ಮೇಲೆ ಐಎಸ್‌ಒ 25980 (ವೆಲ್ಡಿಂಗ್ ಪರದೆಯ ಅಂತಾರಾಷ್ಟ್ರೀಯ ಮಾನದಂಡ) ಅಂತ ಅಚ್ಚಿದೆಯೇ ನೋಡಿ. ಹಳೆ ಸ್ಟಾಕಾದರೆ ಹಿಂದಿನ ಯುರೋಪಿಯನ್ ಮಾನದಂಡ ಇಎನ್ 1598 ಇರುತ್ತದೆ. ಕೋಲ್ಡ್ ಸ್ಟೋರೇಜ್ ಬಾಗಿಲಿಗೆ ಹಾಕುವ ಪಿವಿಸಿ ಪಟ್ಟಿ ನೋಡಲು ಹಾಗೇ ಇರುತ್ತದೆ, ಆದರೆ ಅದನ್ನು ಆರ್ಕಿನ (ವೆಲ್ಡಿಂಗ್ ಮಾಡುವಾಗ ಹೊತ್ತುವ ಉರಿಯ) ಬೆಳಕಿಗಾಗಿ ಮಾಡಿದ್ದಲ್ಲ. ಒಂದು ಇಂಚಿನ ತುಣುಕು ಕೇಳಿ ಪಡೆದು, ಬಯಲಲ್ಲಿ ಇಕ್ಕಳದಲ್ಲಿ ಹಿಡಿದು ಲೈಟರ್ ತೋರಿಸಿ. ಲೈಟರ್ ಸರಿಸಿದ ಮೇಲೂ ಉರಿಯುತ್ತಲೇ ಇದ್ದರೆ ಬೇಡ. ಹೊಗೆ ಕುಡಿಯಬೇಡಿ, ಅದರಲ್ಲಿ ಆಸಿಡ್ ಇರುತ್ತದೆ.

ಕೆಂಪು ಹಾಕಿದರೆ ಒಳಗೆ ಯಾರಿದ್ದಾರೆ, ಬಿದ್ದಿದ್ದಾರಾ ಎನ್ನುವುದು ಹೊರಗಿನಿಂದ ಕಾಣುತ್ತದೆ, ಶೆಡ್ಡೂ ಕತ್ತಲಾಗುವುದಿಲ್ಲ. ಕಡು ಹಸಿರಿನಲ್ಲಿ ಬೆಳಕು ಕಮ್ಮಿ ದಾಟುತ್ತದೆ. ಮಗ್ಗುಲಲ್ಲೇ ಇನ್ನೊಬ್ಬರು ಇಡೀ ದಿನ ಕೂತು ಕೆಲಸ ಮಾಡುವ ಜಾಗಕ್ಕೆ ಅದು ಸರಿ. ಯಾವುದೇ ಆದರೂ ಆರ್ಕಿನಿಂದ ಕನಿಷ್ಠ 1 ಮೀಟರ್ ದೂರವಿರಲಿ. ಪರದೆ ಆಚೆಯವರಿಗಷ್ಟೇ. ಅದರ ಮೂಲಕ ಆರ್ಕನ್ನೇ ದಿಟ್ಟಿಸಿ ನೋಡುವಂತಿಲ್ಲ, ಹೆಲ್ಮೆಟ್ ಗಾಜಿನ ಕೆಲಸ ಅದು ಮಾಡುವುದಿಲ್ಲ. ಕಣ್ಣಿನ ಉರಿ ಆರೇಳು ತಾಸು ಕಳೆದು ರಾತ್ರಿ ಶುರುವಾಗುವುದರಿಂದ, ದಾರಿಹೋಕನಿಗೆ ಎಲ್ಲಿ ತಗುಲಿತೆಂದೇ ಗೊತ್ತಾಗುವುದಿಲ್ಲ.

ಟ್ರಾಲಿ_ವೆಲ್ಡರ್ (ಯಾದಗಿರಿ):
ನಾಕೂ ಕಡಿ ಪಿವಿಸಿ ಯಾಕ್ರಿ? ಅಲುಗಾಡದ ಮೂರು ಮಗ್ಗಲಿಗೆ, ಅಂದ್ರ ಎರಡು ಹೊರಗಿಂದು, ನಡುವಿಂದೊಂದು, ಪತ್ರಾ ಹೊಡೀರಿ. ಖರೆ, ಹೊಳಿಯೋ ಪತ್ರಾ ಹಂಗೇ ಬಿಟ್ರ ಬೆಳಕು ತಿರುಗಿ ಹೆಲ್ಮೆಟ್ ಹಿಂದಿಂದ ಕಣ್ಣಿಗೆ ಬರ್ತದ. ಒಳಮಗ್ಗಲಿಗೆ ಹೊಳಪಿಲ್ಲದ ಬಣ್ಣ ಹಚ್ರಿ. ಟೈಟಾನಿಯಂ ಡೈಆಕ್ಸೈಡ್ ಇಲ್ಲಾ ಜಿಂಕ್ ಆಕ್ಸೈಡ್ ಇರೋದು ಚಲೋ, ಅವು ಯುವಿ (ಕಣ್ಣು ಸುಡೋ, ಕಾಣದ ಬೆಳಕು) ಕುಡೀತಾವ.

ಮುಂದಿನ ಕಡೆ ಪಟ್ಟಿ. 300 ಮಿಮೀ ಅಗಲ, 2 ಮಿಮೀ ದಪ್ಪ, ಒಂದರ ಮ್ಯಾಲ ಒಂದು 100 ಮಿಮೀ ಏರಬೇಕು. ಹಂಗಾದ್ರ ಪಟ್ಟಿಗೆ 200 ಮಿಮೀ ಲೆಕ್ಕ, 10 ಫೂಟಿಗೆ 15 ಪಟ್ಟಿ. ರಾಡು 7 ಫೂಟಿಗೆ, ಕೆಳಗ ಅರ್ಧ ಫೂಟು ಖಾಲಿ, ಪಟ್ಟಿ 2 ಮೀಟರ್. ಎರಡೂ ಬೇ ಸೇರಿ 60 ಮೀಟರ್. 50 ಮೀಟರಿನ ಒಂದು ರೋಲು ಸಾಲಂಗಿಲ್ಲ. ಒಂದು ಪಟ್ಟಿ ಒಂದೂವರೆ ಕಿಲೋ ತೂಗ್ತದ, 15ಕ್ಕ 22 ಕಿಲೋ ಮ್ಯಾಲ. ಅದಕ್ಕ ಒಂದಿಂಚಿನ ತೆಳು ಪೈಪು ಬಗ್ತದ, 40×40ರ 2 ಮಿಮೀ ಚೌಕ ಪೈಪೇ ಹಾಕ್ರಿ.

ಇನ್ನೊಂದು ನೋಡ್ರಿ, ಟ್ರಾಲಿ 10×10ದಾಗ ಹಿಡಿಯಂಗಿಲ್ಲ. ಅದಕ್ಕ 6×6 ಫೂಟಿನ ಓಡಾಡೋ ಫ್ರೇಮ್ ಎರಡು ಮಾಡ್ಕೊಳ್ರಿ: ಒಂದಿಂಚು ಪೈಪು, 0.4 ಮಿಮೀ ಹಾಳಿ, ಎಂಟೆಂಟು ಇಂಚಿಗೆ ರಿಂಗು. ರಿಂಗು ದೂರ ದೂರ ಹಾಕಿದ್ರ ಐಲೆಟ್ (ಹಾಳಿ ಅಂಚಿನ ರಿಂಗಿನ ತೂತು) ಹರೀತದ. ಅಡ್ಡ ಕಾಲು 2 ಫೂಟಿಗಿಂತ ಗಿಡ್ಡ ಮಾಡಬ್ಯಾಡ್ರಿ, ಕೂಲರ್ ಗಾಳಿಗೇ ಬೀಳ್ತದ.

ಕಪನೂರ_ಶೆಡ್:
ಕೆಳಗ ಅರ್ಧ ಫೂಟು ಬಿಟ್ರ ಬೆಳಕು ಬರಂಗಿಲ್ಲೇನ್ರಿ? ಗ್ರೈಂಡಿಂಗ್ ಮೂಲಿಗೂ ಇದೇ ಹಾಳಿ ನಡೀತದೇನು?

ಸೇಫ್ಟಿ_ಬೀದರ್:
ಬರುತ್ತದೆ, ಆದರೆ ಕಾಲಮಟ್ಟದಲ್ಲಿ. ಆ ಸಂದಿ ಮುಚ್ಚಿದರೆ ಹೊಗೆ ಒಳಗೇ ನಿಲ್ಲುತ್ತದೆ. ಜಿಐ (ಸತು ಲೇಪಿಸಿದ) ಪೈಪಿನ ಕೆಲಸವಿದ್ದರಂತೂ ಮುಚ್ಚುವುದು ಬೇಡವೇ ಬೇಡ. ನೆಲದಲ್ಲೇ ವೆಲ್ಡ್ ಮಾಡುವ ದಿನ ಆ ಮಗ್ಗುಲಿಗೆ ಒಂದು ಪತ್ರಾ ಅಡ್ಡ ನಿಲ್ಲಿಸಿ.

ಗ್ರೈಂಡಿಂಗ್‌ಗೆ ನಡೆಯುವುದಿಲ್ಲ. ಬಿಸಿ ಕಿಡಿ ಪಿವಿಸಿಗೆ ಅಂಟಿ ಕಂದು ಗುಳಿ ಮಾಡುತ್ತದೆ, ಕೊನೆಗೆ ತೂತು. ಅಲ್ಲಿ ಪತ್ರಾ ಇಲ್ಲವೇ ಫೈಬರ್‌ಗ್ಲಾಸ್ ವೆಲ್ಡಿಂಗ್ ಬ್ಲಾಂಕೆಟ್ ಹಾಕಿ.

ಕೂಲರನ್ನು ಬೇಯೊಳಗೆ ಮುಖ ಮಾಡಿ ಇಡಬೇಡಿ. ಆರ್ಕಿನ ಹತ್ತಿರ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಮಿಗ್ ಗ್ಯಾಸು ಚದುರಿ ಬೀಡಿನಲ್ಲಿ (ವೆಲ್ಡಿಂಗ್ ಗೆರೆಯಲ್ಲಿ) ತೂತು ಬೀಳುತ್ತವೆ. ಗ್ಯಾಸು ಜಾಸ್ತಿ ಬಿಟ್ಟರೆ ಸರಿಹೋದೀತು ಎಂದು ನಿಮಿಷಕ್ಕೆ 25 ಲೀಟರಿಗೆ ಏರಿಸುವವರಿದ್ದಾರೆ; ಆಗ ಗ್ಯಾಸೇ ಸುಳಿಯಾಗಿ ಹೊರಗಾಳಿ ಎಳೆದುಕೊಳ್ಳುತ್ತದೆ. 12–15ರಲ್ಲೇ ಇಟ್ಟು ಗಾಳಿಯ ದಿಕ್ಕು ತಿರುಗಿಸಿ.

ಟ್ರಾಲಿ_ವೆಲ್ಡರ್ (ಯಾದಗಿರಿ):
ಪರದ್ಯಾಗಿನ ತೂತು ಹುಡುಕೋದು ಸಸಾರ ಅದ. ತಿಂಗಳಿಗೊಮ್ಮಿ, ಕತ್ತಲಾದ ಮ್ಯಾಲ, ಒಳಗ ಎಲ್‌ಇಡಿ ಬಲ್ಬು ಹಚ್ಚಿ ಹೊರಗ ನಿಂದರ್ರಿ. ಕೆಂಪು ಹಾಳ್ಯಾಗ ತೂತಿದ್ದಲ್ಲಿ ಬಿಳಿ ಚುಕ್ಕಿ ಮಿಂಚ್ತದ. ಒಂದೆರಡು ಪಟ್ಟಿ ಕೆಟ್ರ ಅವಷ್ಟೇ ಬದಲಿ ಮಾಡ್ರಿ, ಪೂರಾ ಬಿಚ್ಚೋದು ಬ್ಯಾಡ.