ಅಣ್ಣ ಅಲ್ಲಿ ಓಟು ಹಾಕಿದ್ದಾನೆ, ಪಾಸ್‌ಪೋರ್ಟ್ ಇನ್ನೂ ನಮ್ಮದೇ. ಅಪ್ಪನಿಗೆ ಹೇಗೆ ಹೇಳೋದು?

ಒಂಬತ್ತನೇಬ್ಲಾಕ್ | 6 ಜುಲೈ 2024

ಮೊನ್ನೆ ಗುರುವಾರ ಬ್ರಿಟನ್‌ನಲ್ಲಿ ಎಲೆಕ್ಷನ್ ಆಯ್ತಲ್ಲ, ಅದರ ಸೂತಕ ನಮ್ಮನೇಲಿ ನಡೀತಿದೆ. ಮನೆ ಇರೋದು ಜಯನಗರದಲ್ಲಿ.

ಶುಕ್ರವಾರ ಬೆಳಗ್ಗೆ ಅಪ್ಪ ವಾಕಿಂಗ್ ಮುಗಿಸಿ ಬಂದು ಚಪ್ಪಲಿ ಬಿಡ್ತಾ ಬಿಡ್ತಾನೇ "ಹೋಯ್ತು, ಅಳಿಯಂದಿರು ಸೋತ್ರು" ಅಂದರು. ಅಮ್ಮ ಒಗ್ಗರಣೆ ಸೌಟು ಹಿಡ್ಕೊಂಡೇ ಗಾಬರಿಯಿಂದ ಆಚೆ ಬಂದಳು. ಮನೆಯ ಅಸಲಿ ಅಳಿಯ, ಅಂದರೆ ನನ್ನ ಗಂಡ, ಆಗಿನ್ನೂ ಹಲ್ಲುಜ್ಜುತ್ತಿದ್ದ.

ಅಪ್ಪನ ಲೆಕ್ಕದಲ್ಲಿ ಅಳಿಯ ಅಂದ್ರೆ ರಿಷಿ ಸುನಕ್. ನಾರಾಯಣಮೂರ್ತಿ, ಸುಧಾ ಮೂರ್ತಿ ಅವರ ಮಗಳನ್ನ ಕೊಟ್ಟಿದೆ, 2009ರಲ್ಲಿ ಮದುವೆ ಆಗಿದ್ದೂ ಇದೇ ಊರಲ್ಲಿ, ಹಾಗಾಗಿ ಇಡೀ ಜಯನಗರಕ್ಕೆ ಅಳಿಯ. 2022ರ ದೀಪಾವಳಿ ಹೊತ್ತಿಗೆ ಆತ ಪ್ರಧಾನಿ ಆದಾಗ ನಮ್ಮಪ್ಪ ಪಾರ್ಕಿನ ಗೆಳೆಯರಿಗೆಲ್ಲ ಮೈಸೂರ್‌ಪಾಕ್ ಹಂಚಿದ್ದರು. ನಾನು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಬಂದಾಗ ಹಂಚಿದ್ದು ಕಲ್ಲುಸಕ್ಕರೆ. ಇರಲಿ.

ಈಗ ಸಮಸ್ಯೆ ಕೇಳಿ. ನಮ್ಮಣ್ಣ ನಾಲ್ಕು ವರ್ಷದಿಂದ ರೆಡಿಂಗ್ ಹತ್ತಿರ ಅರ್ಲಿ ಅನ್ನೋ ಕಡೆ ಇದ್ದಾನೆ. ಐಟಿ ಕೆಲಸ, ವರ್ಕ್ ವೀಸಾ. ಶುಕ್ರವಾರ ರಾತ್ರಿ ಫೋನಲ್ಲಿ ನನಗೊಬ್ಬಳಿಗೇ ಹೇಳಿದ: "ನಾನೂ ಓಟು ಹಾಕ್ದೆ ಕಣೇ. ರಿಷಿ ಪಾರ್ಟಿಗಲ್ಲ. ಅಪ್ಪನಿಗೆ ಹೇಳ್ಬೇಡ." ಅವನ ಸಿಟ್ಟಿಗೆ ಕಾರಣ ಉಂಟು. ಅಲ್ಲಿ ವೀಸಾ ಜೊತೆ ಆಸ್ಪತ್ರೆಗಂತ ಸರ್‌ಚಾರ್ಜ್ ಕಟ್ಟಬೇಕಂತೆ. ತಲೆಗೆ ವರ್ಷಕ್ಕೆ 624 ಪೌಂಡ್ ಇದ್ದದ್ದು ಈ ಫೆಬ್ರವರಿಯಿಂದ 1,035 ಆಗಿದೆ, ಮಕ್ಕಳಿಗೆ 776. ಮಾರ್ಚ್‌ನಲ್ಲಿ ಅಣ್ಣ, ಅತ್ತಿಗೆ, ಪಾಪು ಮೂವರಿಗೂ ಮೂರು ವರ್ಷದ್ದು ಒಟ್ಟಿಗೇ ಕಟ್ಟಿದ: 8,538 ಪೌಂಡ್. ನಮ್ಮ ದುಡ್ಡಲ್ಲಿ ಒಂಬತ್ತು ಲಕ್ಷ.

ನನ್ನ ಪ್ರಶ್ನೆ ಯಾರಿಗೆ ಹಾಕಿದ ಅನ್ನೋದಲ್ಲ. ಅವನು ಇನ್ನೂ ಭಾರತದ ಪ್ರಜೆ. ಹೇಗೆ ಓಟು ಕೊಟ್ಟರು? ನಮ್ಮಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಹೆಚ್ಚುಕಮ್ಮಿ ಮೂವತ್ತು ವರ್ಷ ಎಲೆಕ್ಷನ್ ಡ್ಯೂಟಿ ಮಾಡಿದವರು, ಅದರಲ್ಲಿ ಬಹಳಷ್ಟು ಸಲ ಪಿಆರ್‌ಒ, ಅಂದರೆ ಬೂತಿನ ಮುಖ್ಯ ಅಧಿಕಾರಿ, ಆಗಿ. ಕಳ್ಳ ಓಟು ಅಂದ್ರೆ ಇವತ್ತಿಗೂ ಬಿಪಿ ಏರುತ್ತೆ. ಅಣ್ಣ ಮಾಡಿದ್ದು ಸರಿ ಅನ್ನೋದಾದ್ರೆ ಸರಿಯಾದ ಆಧಾರ ಕೊಡಿ. ಗೊತ್ತಿರೋರು ಹೇಳಿ ಪ್ಲೀಸ್.

ಇನ್ನೊಂದು. ಗೆದ್ದ ಲೇಬರ್ ಪಾರ್ಟಿಗೆ ಬಿದ್ದದ್ದು ಶೇ. 33.7 ಓಟು, ಬಂದದ್ದು 650ರಲ್ಲಿ 411 ಸೀಟು. "ಇದ್ಯಾವ ಸೀಮೆ ಭರ್ಜರಿ ಗೆಲುವು" ಅಂತ ಅಪ್ಪ ಎರಡು ದಿನದಿಂದ ಗೊಣಗ್ತಿದ್ದಾರೆ. ಅದಕ್ಕೂ ಉತ್ತರ ಇದ್ರೆ ಪುಣ್ಯ.

---

ಥೇಮ್ಸ್‌ದಂಡೆ_ತಿಪ್ಪೇಶಿ | 6 ಜುಲೈ 2024

ಅಕ್ಕಾ, ನಿಮ್ಮಣ್ಣ ಕಳ್ಳ ಅಲ್ಲ. ನಾನೂ ಹಾಕಿದ್ದೀನಿ, ನನ್ನದೂ ಭಾರತದ ಪಾಸ್‌ಪೋರ್ಟೇ.

ಇಲ್ಲಿಯ ಸಂಸತ್ ಚುನಾವಣೆಯಲ್ಲಿ ಬ್ರಿಟಿಷ್ ಪ್ರಜೆಗಳ ಜೊತೆ ಐರ್ಲೆಂಡಿನವರು, ಕಾಮನ್‌ವೆಲ್ತ್ ದೇಶದವರು, ಅಂದ್ರೆ ಹೆಚ್ಚಾಗಿ ನಮ್ಮ ಭಾರತದಂಥ ಬ್ರಿಟಿಷರ ಹಳೇ ವಸಾಹತುಗಳವರು, ಕೂಡ ಓಟು ಹಾಕಬಹುದು. ವಯಸ್ಸು ಹದಿನೆಂಟಾಗಿರಬೇಕು, ಇಲ್ಲಿ ವಾಸ ಇರಬೇಕು, ಇರೋಕೆ ಸರಿಯಾದ ವೀಸಾ ಇರಬೇಕು, ಪಟ್ಟಿಯಲ್ಲಿ ಹೆಸರಿರಬೇಕು, ಅಷ್ಟೆ. ಓದೋಕೆ ಬಂದ ಹುಡುಗರಿಗೂ ಉಂಟು. ಇಲ್ಲಿಯ 1983ರ ಜನಪ್ರತಿನಿಧಿ ಕಾಯ್ದೆಯಲ್ಲೇ (Representation of the People Act) ಇದೆ, ಬೇರು ಮಾತ್ರ ಇನ್ನೂ ಹಳೇದು. ಸಾಮ್ರಾಜ್ಯದವರೆಲ್ಲ ಒಂದೇ ರಾಜನ ಪ್ರಜೆಗಳು ಅಂತಿದ್ದ ಕಾಲದ್ದು. ದಾದಾಭಾಯಿ ನವರೋಜಿ 1892ರಲ್ಲೇ ಲಂಡನ್ನಿನ ಫಿನ್ಸ್‌ಬರಿಯಿಂದ ಬೆರಳೆಣಿಕೆ ಓಟುಗಳಲ್ಲಿ ಗೆದ್ದು ಎಂಪಿ ಆದದ್ದನ್ನ ಮೇಷ್ಟ್ರು ಪಾಠ ಮಾಡಿರ್ತಾರೆ, ನೆನಪಿಸಿ. ಸಾಮ್ರಾಜ್ಯ ಹೋಯ್ತು, ಓಟು ಉಳೀತು. ಫ್ರಾನ್ಸ್, ಜರ್ಮನಿಯವರು ಇಪ್ಪತ್ತು ವರ್ಷ ಇಲ್ಲೇ ಇದ್ದರೂ ಈ ಎಲೆಕ್ಷನ್‌ಗೆ ಹಾಕೋ ಹಾಗಿಲ್ಲ. ಹೋದ ವರ್ಷ ಬಂದ ದಾವಣಗೆರೆ ಹುಡುಗ ಹಾಕಬಹುದು. ನಮ್ಮ ಆಫೀಸಿನ ಫ್ರೆಂಚ್ ಹುಡುಗಿಗೆ ಇದನ್ನ ಹೇಳಿದಾಗ ನನ್ನನ್ನ ನೋಡಿದ ನೋಟ ಇನ್ನೂ ಮರೆತಿಲ್ಲ.

ತಮಾಷೆ ಏನಂದ್ರೆ, ಈಗ ಫೋಟೋ ಇರೋ ಗುರುತು ತೋರಿಸೋದು ಕಡ್ಡಾಯ. ಸಂಸತ್ ಚುನಾವಣೆಗೆ ಇದೇ ಮೊದಲು. ಕಾಮನ್‌ವೆಲ್ತ್ ದೇಶಗಳ ಪಾಸ್‌ಪೋರ್ಟೂ ನಡೆಯುತ್ತೆ. ಹಂಗಾಗಿ ಮೂರು ಸಿಂಹದ ಪಾಸ್‌ಪೋರ್ಟ್ ಟೇಬಲ್ ಮೇಲಿಟ್ಟು ಬ್ರಿಟಿಷ್ ಎಂಪಿ ಆರಿಸಿ ಬಂದೆ.

ಬೂತ್ ಇದ್ದದ್ದು ಚರ್ಚ್ ಹಾಲ್‌ನಲ್ಲಿ. ಬೆಳಗ್ಗೆ 7ರಿಂದ ರಾತ್ರಿ 10. ರಜಾ ಗಿಜಾ ಇಲ್ಲ. ಪೊಲೀಸರೂ ಕಾಣಲಿಲ್ಲ. ನನ್ನ ಮುಂದೆ ಒಬ್ಬಜ್ಜಿ ನಾಯಿ ಹಿಡ್ಕೊಂಡು ಕ್ಯೂನಲ್ಲಿದ್ರು. ಪಟ್ಟಿಯಲ್ಲಿ ಹೆಸರಿಗೆ ಗೀಟು ಎಳೆದು ಚೀಟಿ ಕೊಟ್ಟರು. ಒಳಗೆ ದಾರ ಕಟ್ಟಿದ ಪೆನ್ಸಿಲ್. ಹೌದು, ಪೆನ್ಸಿಲ್ಲೇ. ಕತ್ರಿ ಗುರುತು ಹಾಕಿ, ಮಡಚಿ, ಡಬ್ಬಕ್ಕೆ ಹಾಕು, ಮನೆಗೆ ಹೋಗು. ಬೆರಳಿಗೆ ಶಾಯಿ ಇಲ್ಲ. ಅದೊಂದು ಬೇಜಾರು, ಸೆಲ್ಫಿ ಹಾಕೋಕೆ ಏನೂ ಇರಲಿಲ್ಲ.

---

ಲೆಕ್ಕದ_ಡಬ್ಬಿ | 7 ಜುಲೈ 2024

ಎರಡನೇ ಪ್ರಶ್ನೆಗೆ ನಾನು.

ನಿಮ್ಮ ತಂದೆಯವರಿಗೆ ಹೇಳಿ: ಈ ಪದ್ಧತಿ ನಮಗೆ ಬಂದದ್ದೇ ಅವರಿಂದ. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಓಟು ಜಾಸ್ತಿ ತಗೊಂಡವನು ಗೆದ್ದ, ಮಿಕ್ಕಿದ್ದು ಮಣ್ಣುಪಾಲು. 2018ರಲ್ಲಿ ನಮ್ಮ ರಾಜ್ಯದಲ್ಲೇ ಕಾಂಗ್ರೆಸ್‌ಗೆ ಓಟು ಜಾಸ್ತಿ, ಸುಮಾರು ಶೇ. 38. ಸೀಟು ಜಾಸ್ತಿ ಬಂದದ್ದು ಬಿಜೆಪಿಗೆ, 104. ಆಗ ಅಪ್ಪಾಜಿ ಗೊಣಗಿದ್ರಾ ಇಲ್ವಾ ಅಂತ ಕೇಳೋದು ಬೇಡ, ಜಗಳ ಆಗುತ್ತೆ.

ಅಲ್ಲಿ ಈ ಸಲ ನಡೆದದ್ದು ಲೇಬರ್ ಅಲೆ ಅಲ್ಲ, ಟೋರಿಗಳ, ಅಂದ್ರೆ ರಿಷಿಯ ಕನ್ಸರ್ವೇಟಿವ್ ಪಾರ್ಟಿಯ, ಮನೆ ಬಿರುಕು. 2019ರಲ್ಲಿ ಲೇಬರ್‌ಗೆ ಶೇ. 32.1, ಸೀಟು 202. ಈಗ ಶೇ. 33.7, ಸೀಟು 411. ನೂರಕ್ಕೆ ಒಂದೂವರೆ ಓಟು ಏರಿದ್ದಕ್ಕೆ ಸೀಟು ಡಬಲ್. 2017ರಲ್ಲಿ ಇದೇ ಪಾರ್ಟಿ ಶೇ. 40 ತಗೊಂಡೂ ಸೋತಿತ್ತು. ವ್ಯತ್ಯಾಸ ಆದದ್ದು ಎದುರು ಪಾಳೆಯದಲ್ಲಿ. ಕನ್ಸರ್ವೇಟಿವ್ ಶೇ. 43.6ರಿಂದ 23.7ಕ್ಕೆ ಜಾರಿತು. ಬಲಪಂಥದ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಾರ್ಟಿ ಶೇ. 14.3 ತಿಂದು ಹಾಕ್ತು. ತಾನು ಗೆದ್ದದ್ದು ಐದೇ ಸೀಟು, ಕೆಡಿಸಿದ್ದು ಲೆಕ್ಕವಿಲ್ಲದಷ್ಟು. ಅದಕ್ಕಿಂತ ಕಮ್ಮಿ ಓಟು ತಗೊಂಡ ಲಿಬರಲ್ ಡೆಮಾಕ್ರಾಟ್‌ಗಳಿಗೆ 72 ಸೀಟು, ಯಾಕಂದ್ರೆ ಅವರ ಓಟು ಎಲ್ಲಿ ಬೇಕೋ ಅಲ್ಲೇ ಗುಡ್ಡೆ ಬಿದ್ದಿತ್ತು. ನಮ್ಮಲ್ಲಿ ಮಂಡ್ಯ, ಹಾಸನದ ಕಡೆ ಜೆಡಿಎಸ್ ಬದುಕಿರೋದೂ ಇದೇ ಗುಟ್ಟಿನ ಮೇಲೆ.

ಜಯನಗರದವರು ಅಂದ್ರಿ, ಹಾಗಾಗಿ ಇದೂ ಇರಲಿ. ಲಂಡನ್ನಿನ ಹೆಂಡನ್ ಕ್ಷೇತ್ರದಲ್ಲಿ ಲೇಬರ್ ಗೆದ್ದದ್ದು 15 ಓಟಿನಿಂದ. 2023ರಲ್ಲಿ ನಿಮ್ಮ ಜಯನಗರದಲ್ಲಿ ಬಿಜೆಪಿ ಗೆದ್ದದ್ದು 16ರಿಂದ. ಒಂದು ಓಟಿನಿಂದ ನೀವು ಹಿಂದೆ. ಸಂತೇಮರಹಳ್ಳಿಯವರು ಇವೆರಡನ್ನೂ ನೋಡಿ ನಗ್ತಾರೆ ಬಿಡಿ, 2004ರಲ್ಲಿ ಅಲ್ಲಿ ಒಂದೇ ಒಂದು ಓಟು.

---

ಗಾಂಧಿಬಜಾರ್_ಕಾಫಿ | 7 ಜುಲೈ 2024

ಎಲ್ಲರೂ ಸೇರಿ ರಿಷಿಯನ್ನ ತುಳೀಬೇಡಿ. ಹಿಂದಿನಾಕೆ ಲಿಜ್ ಟ್ರಸ್ 49 ದಿನದಲ್ಲಿ ಗುಡಿಸಿ ಗುಂಡಾಂತರ ಮಾಡಿ ಕೊಟ್ಟ ಮನೆ ಅದು. ಆತ ಬಂದ ತಿಂಗಳು ಬೆಲೆ ಏರಿಕೆ ಶೇ. 11, ಈ ಮೇನಲ್ಲಿ ಶೇ. 2. ಅದಕ್ಕೆ ಸಿಕ್ಕ ಬಹುಮಾನ 121 ಸೀಟು. ಆ ಟ್ರಸ್ಸಮ್ಮನೂ 630 ಓಟಿಂದ ಸೋತರು, ಅಷ್ಟಾದರೂ ನ್ಯಾಯ ಆಯ್ತು.

ಆದ್ರೂ ಒಂದು ಒಪ್ಪಬೇಕು. ಮೇ 22ಕ್ಕೆ ಕೊಡೆ ಇಲ್ಲದೆ ಸುರಿಯೋ ಮಳೆಯಲ್ಲಿ ನಿಂತು ಚುನಾವಣೆ ಘೋಷಿಸಿದ್ದು ನೋಡಿದಾಗಲೇ ನಮ್ಮಜ್ಜಿ "ಈ ಹುಡುಗನಿಗೆ ಹೇಳೋರಿಲ್ವಾ" ಅಂದಿದ್ದರು. ಸೋತ ಮೇಲೆ ಹೆಂಡತಿ ಹಿಂದೆ ಕೊಡೆ ಹಿಡಿದು ನಿಂತಿದ್ದಳು. ಕೊಡೆ ಆರು ವಾರ ತಡವಾಯ್ತು.

ಮತ್ತೆ ನೋಡಿ, ಬೆಳಗ್ಗೆ ಒಬ್ಬರು "ಕ್ಷಮಿಸಿ" ಅಂತ ಹೇಳಿ ಮನೆ ಖಾಲಿ ಮಾಡಿದರು, ಮಧ್ಯಾಹ್ನಕ್ಕೆ ಗೆದ್ದ ಲೇಬರ್ ನಾಯಕ ಸ್ಟಾರ್ಮರ್ ಅದೇ ಬಾಗಿಲಲ್ಲಿ. ಹೋದ ವರ್ಷ ನಮ್ಮಲ್ಲಿ ಮೇ 13ಕ್ಕೆ ಫಲಿತಾಂಶ, ಪ್ರಮಾಣವಚನ 20ಕ್ಕೆ. ನಡುವೆ ದೆಲ್ಲಿಗೆ ಎಷ್ಟು ವಿಮಾನ ಹಾರಿದವು!

---

ಫಾರಂ_ನಂಬರ್_ಆರು | 7 ಜುಲೈ 2024

ಮೇಡಂ, ತಕರಾರು ಅಲ್ಲಿಲ್ಲ, ಇಲ್ಲಿರಬಹುದು. ನಿಮ್ಮಣ್ಣನ ಹೆಸರು ಜಯನಗರದ ಪಟ್ಟಿಯಲ್ಲಿ ಇನ್ನೂ ಇದೆಯಾ? ಸಾಮಾನ್ಯ ಮತದಾರ ಆಗಿರೋಕೆ ಇಲ್ಲೇ ವಾಸ ಇರಬೇಕು. ಹೊರದೇಶದಲ್ಲಿ ಇರೋರು 6ಎ ಫಾರಂ ತುಂಬಿ ಸಾಗರೋತ್ತರ ಮತದಾರ ಅಂತ ಸೇರಿಕೊಳ್ಳಬೇಕು. ಸೇರಿದರೂ ಅಂಚೆ ಮತ ಇಲ್ಲ. ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಿ ಬೂತಿಗೇ ಬರಬೇಕು. ಅಲ್ಲಿ ಓಟು ಹಾಕಿದ್ದರಿಂದ ಭಾರತದ ಪೌರತ್ವಕ್ಕೇನೂ ಆಗಲ್ಲ, ಹೆದರಬೇಡಿ. ಬೇರೆ ದೇಶದ ಪೌರತ್ವ ತಗೊಂಡ್ರೆ ಮಾತ್ರ ಆ ಮಾತು.

---

ಒಂಬತ್ತನೇಬ್ಲಾಕ್ | 8 ಜುಲೈ 2024

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಹೇಳಿಬಿಟ್ಟೆ. ಊಟಕ್ಕೆ ಕೂತಾಗ, ಸಾರು ಮುಗಿದು ಮಜ್ಜಿಗೆಗೆ ಬಂದಿದ್ದಾಗ. ನವರೋಜಿಯಿಂದ ಶುರು ಮಾಡಿದೆ, ತಿಪ್ಪೇಶಿಯವರೇ. ನಿಮ್ಮ ಐಡಿಯಾ ಕೆಲಸ ಮಾಡ್ತು.

ಅಪ್ಪ ಕೈ ಹಾಗೇ ಹಿಡಿದುಕೊಂಡು ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದ ಮೊದಲ ಮಾತು: "ಶಾಯಿ ಹಾಕ್ಲಿಲ್ವಾ?"

ಇಲ್ಲ ಅಂದೆ. ಅವರಿಗೆ ನಂಬೋಕೇ ಆಗಲಿಲ್ಲ. ಮೈಸೂರಿನ ಪೇಂಟ್ಸ್ ಕಾರ್ಖಾನೆಯಿಂದ ದೇಶ ದೇಶಕ್ಕೆ ಶಾಯಿ ಹೋಗುತ್ತೆ, ನಮ್ಮ ಮೇಲೆ ಇನ್ನೂರು ವರ್ಷ ಆಳಿದೋರಿಗೆ ಒಂದು ಬಾಟ್ಲಿ ತರಿಸೋಕಾಗಲ್ವಾ ಅಂತ ರೇಗಿದರು. ಕೈ ತೊಳೆದು ನೇರ ಅಣ್ಣನಿಗೆ ವಿಡಿಯೋ ಕಾಲ್. ಅವನಿಗಿನ್ನೂ ಸಂಜೆ, ಪಾಪುಗೆ ಊಟ ಮಾಡಿಸ್ತಿದ್ದ. ಅಪ್ಪನ ಮುಖ ನೋಡಿ ಅವನ ಮುಖ ಬಿಳುಚಿಕೊಂಡಿತು.

ಅಮೇಲೆ ನಡೆದದ್ದು ವಿಚಾರಣೆ. ಡಬ್ಬ ಯಾರು ಸೀಲ್ ಮಾಡಿದ್ರು? ಏಜೆಂಟರು ಎಲ್ಲಿ ಕೂತಿದ್ರು? ಚೀಟಿಗೆ ನಂಬರ್ ಇತ್ತಾ? ಪೆನ್ಸಿಲ್ ಗುರುತನ್ನ ಅಳಿಸಿದ್ರೆ? ಅಣ್ಣ ಪಾಪ, ತಿಳಿದಷ್ಟು ಹೇಳಿದ. ಚೀಟಿಗೆ ನಂಬರ್ ಇತ್ತು, ಕ್ಲರ್ಕಮ್ಮ ಇನ್ನೊಂದು ಹಾಳೆಯಲ್ಲಿ ಇವನ ಕ್ರಮಸಂಖ್ಯೆ ಬರಕೊಂಡ್ರು, ಬೇಕಾದೋರು ಸ್ವಂತ ಪೆನ್ನು ತರಬಹುದು ಅಂತ. ಹಾಳೆ ಮಾತು ಕೇಳಿದ್ದೇ ಅಪ್ಪನ ಮುಖ ಸಡಿಲ ಆಯ್ತು. "ಹಾಂ, ಕೌಂಟರ್‌ಫಾಯಿಲ್ ಇದ್ದ ಹಾಗೆ. ಇವಿಎಂ ಬರೋಕೆ ಮುಂಚೆ ನಮ್ಮಲ್ಲೂ ಇತ್ತು" ಅಂತ ತಾವು ಲಾರಿಯಲ್ಲಿ ಡಬ್ಬದ ಮೇಲೆ ಕೂತು ಡಿಮಸ್ಟರಿಂಗ್‌ಗೆ, ಅಂದರೆ ಡಬ್ಬ ವಾಪಸ್ ಒಪ್ಪಿಸೋಕೆ, ಹೋದ ಕತೆ ತೆಗೆದರು. ಇಪ್ಪತ್ತು ನಿಮಿಷ. ಪಾಪು ಅಷ್ಟರಲ್ಲಿ ಅನ್ನವನ್ನೆಲ್ಲ ನೆಲಕ್ಕೆ ಹಾಕಿತ್ತು.

ಕಡೆಗೆ ಅಮ್ಮ ಹಿಂದಿನಿಂದ ಇಣುಕಿ "ಅದೆಲ್ಲ ಇರ್ಲಿ, ಯಾರಿಗೆ ಹಾಕಿದ್ಯೋ?" ಅಂದಳು. ನನ್ನೆದೆ ಧಸಕ್ ಅಂತು. ಅಪ್ಪ ಪಟ್ಟನೆ ಅಂಗೈಯಿಂದ ಫೋನ್ ಮುಚ್ಚಿದರು. "ಅದನ್ನ ಕೇಳ್ಬಾರ್ದು ಕಣೇ!"

ಫಾರಂ ನಂಬರ್ ಆರು ಸಾರ್, ಅಣ್ಣನ ಹೆಸರು ಇಲ್ಲಿಯ ಪಟ್ಟಿಯಲ್ಲಿ ಹಾಗೇ ಇದೆ. ಅಪ್ಪ ಈಗ 6ಎ ಹಿಂದೆ ಬಿದ್ದಿದ್ದಾರೆ. ಇವತ್ತು ಬೆಳಗ್ಗೆ ಪಾರ್ಕಿಗೂ ಹೋಗಲಿಲ್ಲ.

---

ಗಾಂಧಿಬಜಾರ್_ಕಾಫಿ | 8 ಜುಲೈ 2024

ಅಮ್ಮನಿಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?

---

ಒಂಬತ್ತನೇಬ್ಲಾಕ್ | 8 ಜುಲೈ 2024

ಅತ್ತಿಗೆ ಶುಕ್ರವಾರವೇ ಹೇಳಿದ್ದಾಳಂತೆ. ಅಪ್ಪ ಏನಂತಾರೆ ನೋಡೋಣ ಅಂತ ಕೇಳಿದ್ದು ಅಷ್ಟೇ.